ಕೋವಿಗೆ ಕಟ್ಟಿದ ಹಿತ್ತಾಳೆ

ಹೊಳೆಯ ದಡದಲ್ಲೊಂದು ಕುಲುಮೆ. ಕುಲುಮೆಯಲ್ಲಿ ಮೇದಪ್ಪ ಮೇಸ್ತ್ರಿ. ಆ ಸೀಮೆಯ ಹಳೆಯ ಕೋವಿಗಳಿಗೆಲ್ಲ ಅವರೇ ವೈದ್ಯರು.

ಮೇಸ್ತ್ರಿಗೆ ಒಬ್ಬನೇ ಶಿಷ್ಯ, ಅಯ್ಯಣ್ಣ. ಮೀಸೆ ಬಂದಿತ್ತು, ಮದುವೆಯ ಮಾತೂ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಅವನು ಶಾಲೆ ಬಿಟ್ಟನೋ ಶಾಲೆಯೇ ಅವನನ್ನು ಬಿಟ್ಟಿತೋ ಎಂಬುದು ಊರಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ.

ಮೇಸ್ತ್ರಿಯದೊಂದು ಪದ್ಧತಿ. ರಿಪೇರಿಯಾದ ಕೋವಿಯನ್ನು ಹಳೆಯ ಟಯರಿಗೆ ಬಿಗಿದು ಕಟ್ಟುವುದು. ಕಲ್ಲುಗೋಡೆಯ ಹಿಂದೆ ನಿಂತು ಟ್ರಿಗರಿಗೆ ಕಟ್ಟಿದ ಹಗ್ಗ ಎಳೆಯುವುದು. ಗುಂಡು ಹಾರಿದ ಮೇಲೆ ಒಳಗುಳಿದ ತೋಟೆಯ ಖಾಲಿ ಹಿತ್ತಾಳೆ ಕೊಳವೆಯನ್ನು ತೆಗೆದು, ದಾರದಲ್ಲಿ ಅದೇ ಕೋವಿಗೆ ಕಟ್ಟಿ, ಯಜಮಾನರ ಕೈಗೆ ಕೊಡುವುದು.

"ಇದ್ಯಾಕೆ ಮೇಸ್ತ್ರಿ, ಎಮ್ಮೆಗೆ ಗಂಟೆ ಕಟ್ಟಿದ ಹಾಗೆ?" ಎಂದು ಅಯ್ಯಣ್ಣ ಒಮ್ಮೆ ಕೇಳಿದ್ದ.

"ಗುಂಡು ಹಾರುವಾಗ ಕೋವಿ ಒಳಗೆ ಇದ್ದದ್ದು ಅದೊಂದೇ. ಏನಾಯ್ತು ಅಂತ ನಮ್ಮನ್ನ ಕೇಳಿದರೆ ನಮಗೇನು ಗೊತ್ತು?" ಎಂದಿದ್ದರು ಮೇಸ್ತ್ರಿ.

ಕೈಲ್ ಮುಹೂರ್ತ ಹತ್ತಿರ ಬಂತು. ಮನೆಮನೆಯ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಹಬ್ಬ ಅದು.

ಬೊಳ್ಳವ್ವ ಕಂಬಳಿಯಲ್ಲಿ ಸುತ್ತಿದ ಕೋವಿಯನ್ನು ಕೂಸಿನಂತೆ ಹೊತ್ತು ತಂದಳು. ಅವಳ ಮಾವ ಪಟಾಲಮ್ಮಿನಲ್ಲಿದ್ದವರು. ಅವರ ಕಾಲದ ಮಿಲಿಟರಿ ರೈಫಲ್ ಅದು.

"ಹೋದ ಹಬ್ಬದಲ್ಲಿ ಹೊಡೆದಾಗ ರೆಪ್ಪೆಗೆ ಬಿಸಿ ಬಡೀತು ಮೇಸ್ತ್ರಿ. ಹಿತ್ತಾಳೆ ಕಚ್ಚಿಕೊಂಡು ಈಚೆಗೇ ಬರಲಿಲ್ಲ. ಸಲಾಕೆ ಹಾಕಿ ಗುದ್ದಿ ತೆಗೆದದ್ದು," ಎನ್ನುತ್ತಾ ಸೆರಗಿನ ಗಂಟು ಬಿಚ್ಚಿ ಆ ಹಿತ್ತಾಳೆ ಕೊಟ್ಟಳು.

"ಈ ಸಲ ನೀವೇ ಹೊಡೀತೀರಾ ಅಕ್ಕ?"

"ನನ್ನ ಕಣ್ಣಿಗೆ ಪೊರೆ ಬಂತು. ಮೊಮ್ಮಗಳು ಹೊಡೀತಾಳೆ. ನಮ್ಮ ಪೂವಮ್ಮ. ಮೊದಲ ಸಲ. ಅವಳ ಮುತ್ತಜ್ಜನ ಕೋವಿಯಲ್ಲೇ ಹೊಡೀಬೇಕು ಅಂತ ನನಗೆ ಆಸೆ."

"ಹಬ್ಬದೊಳಗೆ ರೆಡಿ ಬೊಳ್ಳಜ್ಜಿ! ನಾನಿಲ್ವಾ?" ಎಂದ ಅಯ್ಯಣ್ಣ, ಯಾರೂ ಕೇಳದಿದ್ದರೂ.

"ನೀನಿದ್ದೀಯ ಅಂತಲೇ ಭಯ. ಸರಿ ಮಾಡಿದರೆ ಊರ ಮುಂದೆ ನಿನ್ನ ಹೆಸರು ಹೇಳ್ತೀನಿ, ಅಯ್ಯಣ್ಣನ ಕೈಕೆಲಸ ಅಂತ."

ಅಯ್ಯಣ್ಣ ಆಗಲೇ ಒಂದು ಅಂಗುಲ ಎತ್ತರವಾದ. ಅವನ ಹೆಸರು ಇದುವರೆಗೆ ಊರ ಮುಂದೆ ಬಂದದ್ದೆಲ್ಲ ಬೈಗುಳದ ಜೊತೆಗೇ.

ಬೊಳ್ಳವ್ವ ಹೋದ ಮೇಲೆ ಮೇಸ್ತ್ರಿ ಹಿತ್ತಾಳೆಯನ್ನು ಅವನ ಅಂಗೈಗೆ ಹಾಕಿದರು.

"ಏನು ಕಾಣುತ್ತೆ?"

"ಹಿತ್ತಾಳೆ."

"ಅದು ಕುರುಡನಿಗೂ ಗೊತ್ತಾಗುತ್ತೆ. ಸರಿಯಾಗಿ ನೋಡು."

ಅಯ್ಯಣ್ಣ ಬೆಳಕಿಗೆ ಹಿಡಿದ. ಬುಡದ ಹತ್ತಿರ ಸುತ್ತಲೂ ಉಂಗುರದಂತೆ ಒಂದು ಹೊಳಪು ಗೆರೆ. ಗೆರೆಯ ಒಂದು ಕಡೆ ಕೂದಲೆಳೆಯಷ್ಟು ಬಿರುಕು. ಮೈತುಂಬ ಒರಟು ಗೀರು.

"ಎರಡು ಕಾಯಿಲೆ. ಹಿಂದಿನಿಂದ ಮುಚ್ಚೋ ಬೋಲ್ಟು ತೋಟೆಯ ಬೆನ್ನಿಗೆ ಒರಗಿ ನಿಲ್ಲಬೇಕು. ಸವೆದು ನಡುವೆ ಜಾಗ ಬಿದ್ದಿದೆ. ಮದ್ದು ಹೊತ್ತಿದಾಗ ಹಿತ್ತಾಳೆ ಆ ಜಾಗಕ್ಕೆ ಎಳೆದುಕೊಂಡು ಹರೀತದೆ. ಆಮೇಲೆ ಬೆಂಕಿ ಹೋಗೋದು ಹೊಡೆಯೋರ ಮುಖಕ್ಕೆ," ಎಂದರು ಮೇಸ್ತ್ರಿ.

"ಇನ್ನೊಂದು?"

"ತೋಟೆ ಕೂರುವ ಚೇಂಬರ್ ಇದೆಯಲ್ಲ, ಅದು ತುಕ್ಕು ಹಿಡಿದಿದೆ. ಅದಕ್ಕೇ ಕಚ್ಚಿಕೊಂಡದ್ದು. ಈ ಸಲ ಎರಡನ್ನೂ ನೀನೇ ಮಾಡು."

"ನಾನೊಬ್ಬನೇ?"

"ಒಬ್ಬನೇ. ಒಂದು ಮಾತು ನೆನಪಿಟ್ಟುಕೋ. ತುಕ್ಕು ತೆಗಿ, ಕಬ್ಬಿಣ ತೆಗೀಬೇಡ."

ಇದೆಂಥ ಮಾತು ಮಾರಾಯ, ಎರಡೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತದಲ್ಲ ಎಂದುಕೊಂಡ ಅಯ್ಯಣ್ಣ. ಕೇಳಲಿಲ್ಲ. ಕೇಳಿದರೆ ಕೆಲಸ ವಾಪಸ್ಸು ತೆಗೆದುಕೊಂಡುಬಿಟ್ಟರೆ?

ಮೊದಲ ಕಾಯಿಲೆಗೆ ಮದ್ದು ಸುಲಭವಾಗಿ ಸಿಕ್ಕಿತು. ಆ ಜಾತಿಯ ರೈಫಲಿನ ಬೋಲ್ಟಿಗೆ ತುದಿಯಲ್ಲಿ ಬಿಚ್ಚಿ ಹಾಕುವ ತಲೆಯೊಂದಿರುತ್ತದೆ. ಮೇಸ್ತ್ರಿಯ ಡಬ್ಬಿಯಲ್ಲಿ ಅಂಥ ತಲೆಗಳು ಬೇಕಾದಷ್ಟಿದ್ದವು. ಒಂದೊಂದಾಗಿ ತಿರುಗಿಸಿ ಹಾಕಿ, ಗೇಜ್ ಇಟ್ಟು ಅಳೆದು, ತುಸು ಉದ್ದನೆಯ ತಲೆಯೊಂದನ್ನು ಆರಿಸಿದ. ನಡುವಿನ ಜಾಗ ಮಾಯವಾಯಿತು. ನ್ಯಾಯವಾಗಿ ಹೇಳಬೇಕೆಂದರೆ ಅಷ್ಟು ಕೆಲಸ ಚೆನ್ನಾಗಿಯೇ ಮಾಡಿದ್ದ.

ಮೇಸ್ತ್ರಿ ಸಂತೆಗೆ ಹೋಗಿದ್ದರು. ಅಯ್ಯಣ್ಣ ಚೇಂಬರಿಗೆ ಕೈ ಹಾಕಿದ.

ಎಣ್ಣೆಬಟ್ಟೆಯಲ್ಲಿ ಉಜ್ಜಿದ. ಕೆಂಪು ತುಕ್ಕು ಬಂತು. ಟಾರ್ಚು ಬಿಟ್ಟು ನೋಡಿದರೆ ಒಳಗೆ ಕಪ್ಪು ಚುಕ್ಕೆಗಳು. ಅವನಿಗೆ ಸಮಾಧಾನವಾಗಲಿಲ್ಲ. ಊರ ಮುಂದೆ ಹೆಸರು ಹೇಳಿಸಿಕೊಳ್ಳುವ ಕೆಲಸ ಕನ್ನಡಿಯಂತಿರಬೇಡವೇ? ಕೋಲಿಗೆ ಉಪ್ಪುಕಾಗದ ಸುತ್ತಿ, ಕೋಲನ್ನು ಡ್ರಿಲ್ಲಿಗೆ ಸಿಕ್ಕಿಸಿ ಗುರ್ರ್ ಅನ್ನಿಸಿದ. ಒಂದು ಚುಕ್ಕೆ ಹೋಯಿತು. ಇನ್ನೊಂದೂ ಹೋಗಲಿ ಅಂತ ಮತ್ತೆ ಗುರ್ರ್. ಹಾಡು ಬೇರೆ ಹೇಳುತ್ತಿದ್ದ.

ಕೊನೆಗೆ ಚೇಂಬರ್ ಎಷ್ಟು ಹೊಳೆಯಿತೆಂದರೆ ಅದನ್ನು ನೋಡಿಕೊಂಡು ಕ್ರಾಪು ತೆಗೆಯಬಹುದಿತ್ತು.

ಆದರೆ ತೋಟೆ ಇಟ್ಟರೆ ಅದು ಒಳಗೆ ಲೊಡಲೊಡ ಅಂದಿತು, ಅಪ್ಪನ ಬೂಟಿನಲ್ಲಿ ಮಗು ಕಾಲಿಟ್ಟ ಹಾಗೆ.

ಅಯ್ಯಣ್ಣನ ಹಾಡು ನಿಂತಿತು.

ಕೋವಿಯನ್ನು ಟಯರಿಗೆ ಕಟ್ಟಿದ. ಗೋಡೆಯ ಹಿಂದೆ ನಿಂತು ಹಗ್ಗ ಎಳೆದ. ಢಂ ಅಂದಿತು. ಈಚೆಗೆ ಬಂದ ಹಿತ್ತಾಳೆಯ ಹೊಟ್ಟೆ ಗರ್ಭಿಣಿಯಂತೆ ಊದಿ, ಪಕ್ಕೆ ಉದ್ದಕ್ಕೂ ಸೀಳಿತ್ತು.

ಅದನ್ನು ಹಿಡಿದುಕೊಂಡು ಲೆಕ್ಕ ಹಾಕಿದ. ನಾಳೆ ಹಬ್ಬ. ಹುಡುಗಿ ಹೊಡೆಯುವುದು ಎಷ್ಟು, ಒಂದೋ ಎರಡೋ ಗುಂಡು. ಅಷ್ಟಕ್ಕೆ ಏನೂ ಆಗಲಿಕ್ಕಿಲ್ಲ. ಹಬ್ಬ ಮುಗಿದ ಮೇಲೆ ಏನಾದರೂ ಹೇಳಿ ವಾಪಸ್ಸು ತರಿಸಿಕೊಂಡರಾಯಿತು.

ಸೀಳಿದ ಹಿತ್ತಾಳೆ ಹೊಳೆಗೆ ಬಿತ್ತು. ಕಿಟಕಿಯ ಮೇಲೆ ಅಂಥದೇ ತೋಟೆಯ ಚೆಂದದ ಹಿತ್ತಾಳೆಯೊಂದಿತ್ತು. ಅದಕ್ಕೆ ದಾರ ಬಿಗಿದು ಕೋವಿಗೆ ಕಟ್ಟಿದ.

ಮೇಸ್ತ್ರಿ ಬಂದರು.

"ಆಯ್ತಾ?"

"ಆಯ್ತು."

"ಎರಡೂ?"

"ಎರಡೂ."

ಮೇಸ್ತ್ರಿ ಕೋವಿಗೆ ಕಟ್ಟಿದ ಹಿತ್ತಾಳೆಯನ್ನು ತಿರುಗಿಸಿ ನೋಡಿದರು. ಅದರ ಬೆನ್ನಿನ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದರು.

"ಬೆಳಿಗ್ಗೆ ಬಂದು ತಗೊಂಡು ಹೋಗಲಿ ಅಂತ ಬೊಳ್ಳಕ್ಕನಿಗೆ ಹೇಳಿ ಬಾ," ಎಂದರು.

ಬೆಳಿಗ್ಗೆ ಅಜ್ಜಿ ಮೊಮ್ಮಗಳು ಇಬ್ಬರೂ ಬಂದರು. ಪೂವಮ್ಮ ಕಾಲೇಜಿಗೆ ಹೋಗುವ ಹುಡುಗಿ. ಅಯ್ಯಣ್ಣನನ್ನು ನೋಡಿದ್ದೇ ನಕ್ಕಳು.

"ಏನಣ್ಣ, ಕೋವಿಯಿಂದ ಗುಂಡು ಬರುತ್ತೋ ಕಪ್ಪೆ ಬರುತ್ತೋ?"

ಬೇರೆ ದಿನವಾಗಿದ್ದರೆ ಅಯ್ಯಣ್ಣ ಒಂದಕ್ಕೆ ನಾಲ್ಕು ಕೊಡುತ್ತಿದ್ದ. ಇವತ್ತು ಹಲ್ಲು ಕಿರಿದು ಟಯರನ್ನು ಮೂಲೆಗೆ ಸರಿಸಿದ.

"ಒಂದು ಗುಂಡು ಇಲ್ಲೇ ಹೊಡೆದು ನೋಡಮ್ಮ. ಅದೋ, ಆ ಮಣ್ಣಿನ ದಿಬ್ಬಕ್ಕೆ," ಎಂದು ಮೇಸ್ತ್ರಿ ಜೇಬಿನಿಂದ ತೋಟೆ ತೆಗೆದುಕೊಟ್ಟರು.

"ಯಾಕೆ ಮೇಸ್ತ್ರಿ, ಸುಮ್ಮನೆ ತೋಟೆ ದಂಡ," ಎಂದ ಅಯ್ಯಣ್ಣ.

"ನಿನ್ನಪ್ಪನ ಮನೆಯದಾ?" ಎಂದಳು ಬೊಳ್ಳವ್ವ. "ಹೊಡಿಯೇ ಪೂವಿ."

ಹುಡುಗಿ ತೋಟೆ ಇಟ್ಟು ಬೋಲ್ಟು ಮುಚ್ಚಿದಳು.

"ಹಾಗಾದ್ರೆ ಮೊದಲು ನಾನೇ ಹೊಡೀತೀನಿ," ಎಂದ ಅಯ್ಯಣ್ಣ.

"ಹಬ್ಬದಲ್ಲಿ ಹೊಡೆಯೋದು ನೀನಾ?" ಮೇಸ್ತ್ರಿ ಅಡಿಕೆ ಕತ್ತರಿಸುತ್ತಾ ಕೇಳಿದರು.

"ಅಲ್ಲ."

"ಮತ್ತೆ ಕೂತ್ಕೋ."

ಪೂವಮ್ಮ ಕೋವಿಯನ್ನು ಭುಜಕ್ಕಿಟ್ಟಳು. ಅದರ ಹಿಡಿಯ ಮರಕ್ಕೆ ಕೆನ್ನೆ ಒತ್ತಿದಳು. ಬೋಲ್ಟಿನ ಹಿಂದೆ, ಒಂದು ಗೇಣೂ ದೂರವಿಲ್ಲ, ಅವಳ ತೆರೆದ ಕಣ್ಣು. ಅಯ್ಯಣ್ಣನಿಗೆ ಕೋವಿ ಕಾಣಲಿಲ್ಲ, ದಿಬ್ಬ ಕಾಣಲಿಲ್ಲ. ಆ ಕಣ್ಣೊಂದೇ ಕಂಡಿತು.

"ಬೇಡ!"

ಹಾರಿ ಹೋಗಿ ಕೋವಿಯ ನಳಿಗೆಯನ್ನು ಆಕಾಶಕ್ಕೆ ತಳ್ಳಿದ.

"ಬೇಡ, ಹೊಡೀಬೇಡ. ಒಳಗೆ ಅಗಲ ಆಗಿದೆ. ನಾನೇ ಉಜ್ಜಿ ಉಜ್ಜಿ ಹಾಳು ಮಾಡಿದ್ದು. ನಿನ್ನೆ ಹಿತ್ತಾಳೆ ಸೀಳಿ ಬಂತು. ಹೊಳೆಗೆ ಎಸೆದೆ. ಇದಕ್ಕೆ ಕಟ್ಟಿರೋದು ಬೇರೆ ಯಾವುದೋ ಕೋವಿಯದು."

ಮೇಸ್ತ್ರಿ ಎದ್ದು ಬಂದು ತೋಟೆಯನ್ನು ಹೊರಗೆ ತೆಗೆದರು. ಅದರ ಗುಂಡನ್ನು ಬೆರಳಲ್ಲೇ ಕಿತ್ತು, ಬೋರಲು ಹಾಕಿ ತಟ್ಟಿದರು. ಮದ್ದಿನ ಒಂದು ಕಾಳೂ ಬೀಳಲಿಲ್ಲ.

ಅಯ್ಯಣ್ಣ ಬಾಯಿ ಬಿಟ್ಟುಕೊಂಡು ನಿಂತ. "ನಿಮಗೆ ಗೊತ್ತಿತ್ತಾ?"

"ನೀನು ಕಟ್ಟಿದ ಹಿತ್ತಾಳೆ ನನ್ನ ಕೋವಿಯದು ಮಾರಾಯ. ನನ್ನದರ ಪಿನ್ನು ತೋಟೆಯ ಬೆನ್ನಿಗೆ ನಟ್ಟನಡುವೆ ಹೊಡೆಯಲ್ಲ, ಒಂದಿಷ್ಟು ಪಕ್ಕಕ್ಕೆ ಕುಟ್ಟಿ ಗುರುತು ಬಿಡುತ್ತೆ."

"ಗೊತ್ತಿದ್ದೂ ಸುಮ್ಮನಿದ್ರಾ?"

"ಕೋವಿ ವಿಷಯ ಗೊತ್ತಿತ್ತು."

"ಮತ್ತೆ?"

"ನಿನ್ನ ವಿಷಯ ಗೊತ್ತಿರಲಿಲ್ಲ."

ಬೊಳ್ಳವ್ವನಿಗೆ ಈಗ ಮಾತು ಬಂತು. ಬಂದ ಮೇಲೆ ನಿಲ್ಲಲಿಲ್ಲ.

"ಅಯ್ಯೋ ಪಾಪಿ! ನನ್ನ ಮಾವ ಬರ್ಮಾ ಕಾಡಿನಲ್ಲಿ ಇದನ್ನ ಹಿಡ್ಕೊಂಡು ವರ್ಷಗಟ್ಟಲೆ ಬದುಕಿ ಬಂದರು. ಯುದ್ಧದಲ್ಲಿ ಸಾಯದ ಕೋವಿ ನಿನ್ನ ಕೈಯಲ್ಲಿ ಸತ್ತಿತಲ್ಲೋ! ಊರ ಮುಂದೆ ಹೆಸರು ಹೇಳಬೇಕಾ ನಿಂದು? ಹೇಳ್ತೀನಿ ತಡಿ, ಕೂಗಿ ಹೇಳ್ತೀನಿ!"

"ಹೇಳಿ ಬೊಳ್ಳಜ್ಜಿ," ಎಂದ ಅಯ್ಯಣ್ಣ. ತಲೆ ಎತ್ತಲಿಲ್ಲ.

ಅವನು ಎದುರು ಮಾತಾಡದೆ ಇದ್ದದ್ದು ನೋಡಿ ಬೊಳ್ಳವ್ವನಿಗೆ ಬೈಗುಳ ಅರ್ಧಕ್ಕೇ ಕಟ್ಟಿತು. ಮೇಸ್ತ್ರಿಯ ಕಡೆ ತಿರುಗಿದಳು.

"ಏನೂ ಮಾಡೋಕಾಗಲ್ವಾ?"

"ಹೋದ ಕಬ್ಬಿಣ ಬರಲ್ಲ ಅಕ್ಕ. ಇನ್ನು ಇದಕ್ಕೆ ಹೂವು ಇಡಬಹುದು, ತೋಟೆ ಇಡೋ ಹಾಗಿಲ್ಲ."

ಮೇಸ್ತ್ರಿ ಬೋಲ್ಟನ್ನು ಬಿಚ್ಚಿ ತೆಗೆದು ಬೇರೆಯಾಗಿ ಅವಳ ಕೈಗೆ ಕೊಟ್ಟರು. ಬೊಳ್ಳವ್ವ ಸೆರಗಿನಿಂದ ಕೋವಿಯ ಮರವನ್ನು ಒರೆಸಿದಳು. ಆಮೇಲೆ ಅದೇ ಸೆರಗಿನಿಂದ ಕಣ್ಣು.

"ಹಾಗಾದ್ರೆ ಇವತ್ತು ನಾನು ತೆಂಗಿನಕಾಯಿಗೆ ಕಲ್ಲು ಹೊಡೀಲಾ?" ಎಂದಳು ಪೂವಮ್ಮ. ನಗಿಸುವುದಕ್ಕೆ ಹೇಳಿದ್ದು.

ಮೇಸ್ತ್ರಿ ಒಳಗೆ ಹೋಗಿ ತಮ್ಮ ಕೋವಿ ತಂದರು. ಅದೂ ಅದೇ ಜಾತಿಯ ಹಳೆಯ ರೈಫಲ್. ಟಾರ್ಚು ಬಿಟ್ಟು ಒಳಗೆ ನೋಡಿ ಮುಖ ಹುಳ್ಳಗೆ ಮಾಡಿದರು.

"ಇದರಲ್ಲಿ ಹೊಡಿಯಮ್ಮ. ಮಳೆಗಾಲದಲ್ಲಿ ಮೂಲೆ ಹಿಡಿದು ನಿಂತಿತ್ತು, ಚೇಂಬರಿಗೆ ತುಕ್ಕು ಬಂದಿದೆ. ಮಧ್ಯಾಹ್ನದೊಳಗೆ ಸರಿಯಾಗುತ್ತೆ."

ಹಾಗೆಂದು ಅದನ್ನು ಅಯ್ಯಣ್ಣನಿಗೆ ಚಾಚಿದರು.

ಅಯ್ಯಣ್ಣ ಕೈ ಹಿಂದಕ್ಕೆಳೆದುಕೊಂಡ. "ನಾನಾ?"

"ಇವನಾ?" ಎಂದಳು ಬೊಳ್ಳವ್ವ. "ಮೇಸ್ತ್ರಿ, ನಿಮಗೇನು ತಲೆ ಕೆಟ್ಟಿದೆಯಾ? ಇನ್ನೊಂದು ಕೋವಿಯ ತಿಥಿ ಮಾಡಿಸ್ತೀರಾ?"

"ಅಕ್ಕ, ಒಳಗೆ ಕಾಫಿ ಇದೆ, ಕುಡೀರಿ," ಎಂದರು ಮೇಸ್ತ್ರಿ.

ಅಯ್ಯಣ್ಣ ಕೋವಿ ತೆಗೆದುಕೊಂಡ. ಹಾಡಲಿಲ್ಲ. ಡ್ರಿಲ್ಲಿನ ಕಡೆ ನೋಡಲೂ ಇಲ್ಲ. ಎಣ್ಣೆ ಬಿಟ್ಟು ನೆನೆಯಲು ಬಿಟ್ಟ. ಹತ್ತಿಬಟ್ಟೆಯನ್ನು ಕೋಲಿಗೆ ಸುತ್ತಿ ಮೆಲ್ಲಗೆ ತಿರುಗಿಸಿದ, ತೆಗೆದು ಬಟ್ಟೆಯ ಬಣ್ಣ ನೋಡಿದ, ಮತ್ತೆ ತಿರುಗಿಸಿದ. ಬಟ್ಟೆ ಕೆಂಪಗೆ ಬಂತು. ಆಮೇಲೆ ಕಂದು. ಆಮೇಲೆ ಬರೀ ಎಣ್ಣೆ. ಮದ್ದಿಲ್ಲದ ತೋಟೆ ಇಟ್ಟು ನೋಡಿದ. ಅಲುಗಲಿಲ್ಲ. ಬೋಲ್ಟು ಎಳೆದ. ಕಚ್ಚಿಕೊಳ್ಳದೆ ಈಚೆಗೆ ಬಂತು.

ಅಲ್ಲಿಗೆ ಕೈ ತೆಗೆದ.

ಅಜ್ಜಿ ಮೊಮ್ಮಗಳು ಜಗಲಿಯಿಂದ ನೋಡುತ್ತಿದ್ದರು. ಅಯ್ಯಣ್ಣ ಕೋವಿಯನ್ನು ಮೇಸ್ತ್ರಿಯ ಮುಂದೆ ಹಿಡಿದ.

"ಆಯ್ತಾ?"

"ಗೊತ್ತಿಲ್ಲ ಮೇಸ್ತ್ರಿ."

"ಹಾಗಂದ್ರೆ?"

"ಒಳಗೆ ಒಂದು ಕಪ್ಪು ಚುಕ್ಕೆ ಉಳಿದಿದೆ. ಇನ್ನೂ ಉಜ್ಜಿದರೆ ಕಬ್ಬಿಣ ಬರುತ್ತೇನೋ ಅಂತ ಹೆದರಿ ಬಿಟ್ಟೆ. ತೋಟೆಯ ಹಿಂದಿನ ಜಾಗ ಅಳೆದೆ, ಗೇಜ್ ಸರಿ ಅಂತು. ಆದ್ರೆ ನನ್ನ ಮಾತು ನಂಬಬೇಡಿ. ನೀವೊಮ್ಮೆ ಒಳಗೆ ನೋಡಿ. ಅಷ್ಟರಲ್ಲಿ ನಾನು ಟಯರು ತರ್ತೀನಿ."

ಅವನು ಹಗ್ಗದ ಕಡೆ ತಿರುಗಿದ.

ಮೇಸ್ತ್ರಿ ಕೋವಿಯ ಒಳಗೆ ನೋಡಲಿಲ್ಲ. ಅದನ್ನೆತ್ತಿ ತಮ್ಮ ಭುಜಕ್ಕಿಟ್ಟರು. ಬಿಳಿಗಡ್ಡದ ಕೆನ್ನೆಯನ್ನು ಮರಕ್ಕೆ ಒತ್ತಿದರು. ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು, ಶಿಷ್ಯನ ಕಡೆ ಅಂಗೈ ಚಾಚಿದರು.

"ತೋಟೆ ಕೊಡು."