ಕೇತಮ್ಮನ ಮನೆಯ ಪಾಠ

ನಗು ಬಂದರೆ ನಕ್ಕುಬಿಡಿ, ಕೇತಮ್ಮನ ಎದುರಿಗೆ ಮಾತ್ರ ಬೇಡ. ಕಾಡಂಚಿನಲ್ಲಿ ಸೋಲಿಗರ ಪುಟ್ಟ ಹಳ್ಳಿಯಾದ ಪೋಡಿನಲ್ಲಿ ಬಿದಿರು ಹೆಣೆದು, ಮಣ್ಣು ಮೆತ್ತಿ, ಹುಲ್ಲು ಹೊದಿಸಿ ಮನೆ ಕಟ್ಟಬಲ್ಲವಳು ಅವಳೊಬ್ಬಳೇ ಉಳಿದಿದ್ದಳು. ಮಿಕ್ಕವರೆಲ್ಲ ಸಿಮೆಂಟು ಮನೆ ಸೇರಿದ್ದರು. ಅವಳ ವಿದ್ಯೆ ಕೇಳುವವರೇ ಇರಲಿಲ್ಲ. ಮಗ ಬೊಮ್ಮನೋ, ಶುದ್ಧ ಪೆದ್ದ.

ಒಂದು ದಿನ ಪೇಟೆಯಲ್ಲಿ ಕಟ್ಟಡವಿದ್ಯೆ ಕಲಿಸುವ ಮೇಡಂ ಬಂದು, "ನಮ್ಮ ಕಾಲೇಜಿನ ಮಕ್ಕಳಿಗೆ ನಿಮ್ಮ ಮನೆ ಕಟ್ಟೋದು ಕಲಿಸಿ" ಎಂದರು. ಕೇತಮ್ಮನಿಗೆ ಮಂಡಿನೋವು. ಇದೂ ಕೈತಪ್ಪಿದರೆ ವಿದ್ಯೆ ತನ್ನ ಜೊತೆಗೇ ಮಣ್ಣಾಗುತ್ತದೆಂದು ಭಯ. ಮಗನನ್ನೇ ಕಳಿಸಿದಳು.

"ಮೊದ್ಲು ನೆಲನ ಕೇಳ್ಬೇಕು ಕಣ್ಲಾ. ಸಂಜೆ ರಾಗಿ ಗುಡ್ಡೆ ಇಡು. ಬೆಳಿಗ್ಗೆ ಚೆದುರಿದ್ರೆ ನೆಲಕ್ಕೆ ಒಪ್ಗೆ ಇಲ್ಲ, ಎದ್ದು ಬಂದ್ಬುಡು."

ಬೊಮ್ಮ ಕಾಲೇಜಿನ ಮೂರನೇ ಮಹಡಿಯ ತರಗತಿಯಲ್ಲಿ ರಾಗಿ ಇಟ್ಟ. ಬೆಳಿಗ್ಗೆ ಕಸದವಳು ಗುಡಿಸಿ ಹಾಕಿದಳು. ಬೊಮ್ಮ ಎದ್ದು ಬಂದ!

"ನೆಲ ಒಲ್ಲೆ ಅಂತು ಕನವ್ವ!"

"ಅಯ್ಯೋ ಪೆದ್ದಾ! ಗುಡಿಸಿದ್ದು ಪೊರಕೆ ಕಣ್ಲಾ! ರಾಗಿ ಇಟ್ಟ ತಾವ್ಕೆ ಯಾರ್ನೂ ಬುಡಬಾರ್ದು!"

ಮರುದಿನ ಬೊಮ್ಮ ಮತ್ತೆ ರಾಗಿ ಇಟ್ಟು, ತರಗತಿಯೊಳಗೆ ಮಕ್ಕಳನ್ನು ಬಿಡಲಿಲ್ಲ, ಮೇಡಂ ಅವರನ್ನು ಬಿಡಲಿಲ್ಲ, ಪ್ರಿನ್ಸಿಪಾಲರನ್ನೂ ಬಿಡಲಿಲ್ಲ. ಸಂಜೆತನಕ ಒಬ್ಬನೇ ಕಾವಲು ನಿಂತು ಬಂದ.

"ಅಯ್ಯೋ ಪೆದ್ದಾ! ಜನ ಇಲ್ದೆ ಅದೆಂಥಾ ಮನೆ? ಎಲ್ಲಾರ್ನೂ ಕರಿ, ಒಲೆ ಹೊತ್ಸು. ಹೊಗೆ ಆಡುದ್ರೆ ಬಿದಿರಿಗೆ ಹುಳ ಬೀಳಲ್ಲ."

ಮಕ್ಕಳು ರಟ್ಟಿನಲ್ಲಿ ಪುಟ್ಟ ಮನೆ ಮಾಡಿಟ್ಟಿದ್ದರು. ಬೊಮ್ಮ ಎಲ್ಲರನ್ನೂ ಕರೆದು ಕೂರಿಸಿ, ಅದರೊಳಗೆ ಬೆಂಕಿ ಹಾಕಿದ. ಮನೆ ಉರಿಯಿತು, ಮೇಜು ಉರಿಯಿತು, ಮೇಡಂ ಸೆರಗು ಸ್ವಲ್ಪದರಲ್ಲಿ ಉಳಿಯಿತು!

ಕೇತಮ್ಮ ಹಣೆ ಚಚ್ಚಿಕೊಂಡಳು. ತನಗೆ ಅಂತ ಇರುವವನು ಇವನೊಬ್ಬ, ಇವನಿಗೂ ತನ್ನ ಮಾತು ತಲೆಗೆ ಹತ್ತದು. "ರಟ್ಟಿನ ಮನೇಲಿ ಏನ್ಲಾ ಒಲೆ? ನಿಜವಾದ ಮನೆ ತೋರ್ಸು! ಇಂಥಾದ್ದು!" ಎಂದು ಗೋಡೆ ತಟ್ಟಿದಳು. ಮರುದಿನ ಮಂಡಿ ತೋರಿಸಲು ಹೋದವಳನ್ನು ಆಸ್ಪತ್ರೆಯಲ್ಲಿ ಮೂರು ದಿನ ಉಳಿಸಿಕೊಂಡರು.

ವಾಪಸು ಬಂದು ನೋಡಿದರೆ ಮನೆಯೇ ಇಲ್ಲ! ಬರೀ ನೆಲ, ಒಲೆ, ಪಾತ್ರೆ. ಬೊಮ್ಮ ಕುಣಿಯುತ್ತ ಎದುರು ಬಂದ.

"ಬಿಚ್ಚಿ ಟೆಂಪೋಗೆ ಹಾಕ್ದೆ ಕನವ್ವ! ಕಾಲೇಜ್ ಅಂಗಳದಲ್ಲಿ ತಿರ್ಗಾ ಕಟ್ದೆ, ಬಿದಿರು ಬಿಗಿಯೋ ಒಂದು ಗಂಟೂ ತಪ್ಪಲಿಲ್ಲ. ನಲವತ್ತು ಮಕ್ಳು ಕಲ್ತವೆ. ಈಗ ಒಳ್ಗೇ ಕೂತವೆ!"

ಕೇತಮ್ಮ ಒಲೆಯ ಪಕ್ಕ ಕೂತಳು. ಒಂದು ಗಂಟೂ ತಪ್ಪಲಿಲ್ಲವಂತೆ! ಹಿಗ್ಗೂ ಬಂತು, ಅಳುವೂ ಬಂತು. ತನ್ನ ಮನೆ ತುಂಬ ಮಕ್ಕಳು; ತಾನಿಲ್ಲಿ ಒಬ್ಬಳೇ, ಬಯಲಲ್ಲಿ.

"ನಾನೆಲ್ಲಿ ಮಲಗ್ಲಿ ಮಗಾ?"

ಬೊಮ್ಮ ಓಡಿಹೋಗಿ ಮನೆಯ ಬಿದಿರು ಬಾಗಿಲನ್ನು ಹೊತ್ತು ತಂದ. "ಇದೊಂದ ನಿಂಗೇ ಅಂತ ಉಳಿಸ್ಕಂಡೆ ಕನವ್ವ." ಬರಿನೆಲದ ಅಂಚಿನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡ.

"ಒಳೀಕೆ ಹೋಗಿ ಬಾಗ್ಲು ಹಾಕ್ಕೊಂಡು ಮಲಗವ್ವ. ಆನೆ ಬಂದಾವು!"