ಕೆಳಗಿನ ಊರಿನ ಮಾತಿಗೆ ಕಾದವಳು

ಶಿಷ್ಯ ಕೇಳಿದ: "ಗುರುಗಳೇ, ಒಳ್ಳೆಯದಾಗಲಿ ಎಂದೇ ನಿಯಮ ಮೀರಿದವನು ಅದನ್ನು ಯಾರಿಗೂ ಹೇಳದೆ ಇದ್ದರೆ ತಪ್ಪೇನು? ಒಳ್ಳೆಯದಂತೂ ಆಯಿತಲ್ಲ?"

ಗುರುಗಳು ಅವನ ಮುಖ ನೋಡಿದರು. ಆಮೇಲೆ ಈ ಕತೆ ಹೇಳಿದರು.

ನದಿಯ ದಂಡೆಯಲ್ಲಿ ಒಂದು ಊರಿತ್ತು. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಗಳ ಊರು. ಮನೆಗಳ ಕೊಳಚೆ, ಕಾರ್ಖಾನೆಗಳ ಬಣ್ಣದ ನೀರು ಎರಡೂ ಒಂದೇ ಒಳಚರಂಡಿಯಲ್ಲಿ ಹರಿದು ಊರಾಚೆಯ ಶುದ್ಧೀಕರಣ ಘಟಕಕ್ಕೆ ಬರುತ್ತಿದ್ದವು. ಅಲ್ಲಿ ಶುದ್ಧವಾದ ಮೇಲಷ್ಟೇ ನೀರು ನದಿ ಸೇರಬೇಕು. ನದಿ ಹರಿದು ಹೋಗುವ ಕಡೆ, ಕೆಳಗೆ, ಇನ್ನೊಂದು ಊರಿತ್ತು. ಆ ಊರಿನವರು ಕುಡಿಯುತ್ತಿದ್ದುದು ಅದೇ ನೀರನ್ನು.

ಘಟಕವನ್ನು ನೋಡಿಕೊಳ್ಳುತ್ತಿದ್ದವಳು ನೀಲಾಂಬಿಕೆ ಎಂಬ ಎಂಜಿನಿಯರ್. ನಿಯಮದ ವಿಷಯದಲ್ಲಿ ಬಲು ಬಿಗಿ. ಕಾರ್ಖಾನೆಯ ಯಜಮಾನನೊಬ್ಬ ಬಣ್ಣದ ನೀರನ್ನು ಕದ್ದು ನದಿಗೆ ಬಿಡುತ್ತಿದ್ದಾಗ ಅವನ ಕೊಳವೆಗೆ ಬೀಗಮುದ್ರೆ ಹಾಕಿಸಿದ್ದಳು. ನೀರು ಹಿಡಿದಿಡಲು ಅವನು ದೊಡ್ಡ ತೊಟ್ಟಿ ಕಟ್ಟಿಸುವವರೆಗೂ ಕಾರ್ಖಾನೆ ತೆರೆಯಲು ಬಿಡಲಿಲ್ಲ. ಅಂದಿನಿಂದ ಅವನು ಎದುರಿಗೆ ಸಿಕ್ಕರೂ ಅವಳನ್ನು ಮಾತನಾಡಿಸುತ್ತಿರಲಿಲ್ಲ.

ಘಟಕದಲ್ಲಿ ನದಿಯ ಕಡೆಗೆ ಒಂದು ಕಬ್ಬಿಣದ ಗೇಟು ಇತ್ತು. ಅದನ್ನು ತೆಗೆದರೆ ಕೊಳಚೆ ಶುದ್ಧವಾಗದೆ ನೇರವಾಗಿ ನದಿಗೆ ಹೋಗುತ್ತದೆ. ನದಿಯನ್ನು ಕಾಯಲೆಂದೇ ಇದ್ದ ಮಂಡಳಿಯ ಅಪ್ಪಣೆಯಿಲ್ಲದೆ ಅದನ್ನು ಯಾರೂ ತೆಗೆಯುವಂತಿರಲಿಲ್ಲ.

ಒಂದು ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಮಳೆಯ ನೀರೆಲ್ಲ ಒಳಚರಂಡಿಗೆ ನುಗ್ಗಿತು. ಬೆಳಿಗ್ಗೆ ಕರೆಂಟು ಹೋಯಿತು, ಜನರೇಟರ್ ನೀರಿನಲ್ಲಿ ಮುಳುಗಿತು, ಘಟಕದ ಪಂಪುಗಳು ನಿಂತವು. ಮುಂದೆ ಹೋಗಲು ದಾರಿಯಿಲ್ಲದ ಕೊಳಚೆ ಊರಿನೊಳಕ್ಕೇ ತಿರುಗಿತು. ಊರಿನ ತಗ್ಗಿನಲ್ಲಿ ಹೆರಿಗೆ ಆಸ್ಪತ್ರೆ ಇತ್ತು. ಅಲ್ಲಿಯ ಬಚ್ಚಲುಗಳಲ್ಲಿ ಕೊಳಚೆ ಉಕ್ಕಿ ವಾರ್ಡಿಗೆ ಹರಿಯಿತು. ಬಾಣಂತಿಯರು ಕೂಸುಗಳನ್ನು ಎತ್ತಿಕೊಂಡು ಮಂಚದ ಮೇಲೆ ಕುಳಿತರು. ಹೊರಗೆ ರಸ್ತೆಯಲ್ಲಿ ಎದೆಮಟ್ಟ ನೀರು. ಅವರನ್ನು ಸಾಗಿಸಲು ಆಗಲಿಲ್ಲ.

ನೀಲಾಂಬಿಕೆ ಮಂಡಳಿಗೆ ಫೋನ್ ಮಾಡಿದಳು. ಸಭೆ ಸೇರಿ ತೀರ್ಮಾನಿಸಬೇಕು, ಅಲ್ಲಿಯವರೆಗೆ ಗೇಟು ಮುಟ್ಟಬೇಡಿ ಎಂದರು. ಸಭೆ ಯಾವಾಗ ಎಂದು ಕೇಳಿದಳು. ರಸ್ತೆಗಳೇ ಮುಳುಗಿರುವಾಗ ಸದಸ್ಯರು ಬರುವುದು ಹೇಗೆ ಎಂದು ಅವರೇ ಅವಳನ್ನು ಕೇಳಿದರು. ನದಿ ಇನ್ನೂ ಗೇಟಿನ ಮಟ್ಟಕ್ಕೆ ಏರಿರಲಿಲ್ಲ. ಏರಿದ ಮೇಲೆ ಗೇಟು ತೆಗೆದರೆ ನದಿಯ ನೀರೇ ಒಳಗೆ ನುಗ್ಗುತ್ತಿತ್ತು.

ಅವಳು ಗೇಟು ತೆಗೆಯಲು ನಿಶ್ಚಯಿಸಿದಳು. ಆದರೆ ಮೊದಲು ಕೆಳಗಿನ ಊರಿನ ನೀರು ಸರಬರಾಜಿನವರಿಗೆ ಫೋನ್ ಮಾಡಿ, ನದಿಯಿಂದ ನೀರೆತ್ತುವುದನ್ನು ನಿಲ್ಲಿಸಿ ಎಂದಳು. ನಮ್ಮ ಟ್ಯಾಂಕುಗಳು ತುಂಬುವವರೆಗೆ ತಡೆಯಿರಿ, ತುಂಬಿದ ಕೂಡಲೇ ಹೇಳುತ್ತೇವೆ ಎಂದು ಅವರು ಕೇಳಿಕೊಂಡರು. ಅವಳು ಒಪ್ಪಿದಳು.

ಅಲ್ಲಿಂದ ಅವಳು ಹೋದದ್ದು ಆ ಯಜಮಾನನ ಬಳಿಗೆ. ದಿಬ್ಬದ ಮೇಲಿದ್ದ ಅವನ ಕಾರ್ಖಾನೆ ಸ್ವಂತ ಜನರೇಟರಿನಿಂದ ನಡೆಯುತ್ತಲೇ ಇತ್ತು. ಕೆಲಸ ನಿಲ್ಲಿಸಿ, ಬಣ್ಣದ ನೀರನ್ನು ತೊಟ್ಟಿಯಲ್ಲೇ ಹಿಡಿದಿಡಿ ಎಂದಳು. ನೂಲು ಬಣ್ಣದಲ್ಲಿ ಬೇಯುತ್ತಿದೆ, ಈಗ ನಿಲ್ಲಿಸಿದರೆ ಅಷ್ಟೂ ಹಾಳಾಗುತ್ತದೆ ಎಂದು ಅವನು ಹೇಳಿದ. ಇಂಥ ನೆರೆಯಲ್ಲಿ ನಮ್ಮ ಬಣ್ಣ ಯಾರ ಕಣ್ಣಿಗೆ ಬೀಳುತ್ತದೆ ಎಂದೂ ಕೇಳಿದ.

"ಇವತ್ತು ನಾನು ಅಪ್ಪಣೆಯಿಲ್ಲದೆ ಗೇಟು ತೆಗೆಯುತ್ತೇನೆ," ಎಂದಳು ನೀಲಾಂಬಿಕೆ. "ಮನೆಗಳ ಕೊಳಚೆ ನೆರೆಯಲ್ಲಿ ಕೊಚ್ಚಿಹೋಗುತ್ತದೆ. ನಿಮ್ಮ ಬಣ್ಣದ ವಿಷ ಹೋಗುವುದಿಲ್ಲ. ಕೆಳಗಿನ ಊರಿನ ಕೆಸರಿನಲ್ಲಿ ಕುಳಿತುಬಿಡುತ್ತದೆ. ಅದು ಮಾತ್ರ ಬರಬಾರದು."

ಯಜಮಾನ ಅವಳನ್ನೇ ನೋಡಿದ. "ಇದನ್ನು ನನ್ನ ಮುಂದೆ ಹೇಳುತ್ತಿದ್ದೀರಲ್ಲ, ಮೇಡಂ. ನಾಳೆ ನಾನು ಮಂಡಳಿಗೆ ತಿಳಿಸಿದರೆ?"

"ತಿಳಿಸಿ. ನಾನೂ ತಿಳಿಸುವವಳೇ."

ಅವನು ಆಳುಗಳನ್ನು ಕರೆದ. ಬಾಯ್ಲರಿನ ಬೆಂಕಿ ಆರಿಸಲು ಹೇಳಿದ. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು ಮಳೆಯಲ್ಲೇ ಹೊರಟು, ಉಳಿದ ಕಾರ್ಖಾನೆಗಳವರನ್ನೂ ತಾನೇ ಕಂಡು ಒಪ್ಪಿಸಿದ.

ಅವಳು ಗೇಟಿಗೆ ಬಂದಾಗ ತಗ್ಗಿನ ಜನ ಅಲ್ಲಿ ಸೇರಿದ್ದರು. ಇನ್ನೂ ಯಾಕೆ ತೆಗೆದಿಲ್ಲ ಎಂದು ಬೈದರು. ಹೆಂಡತಿ, ಮಗು ಆಸ್ಪತ್ರೆಯಲ್ಲಿದ್ದ ಒಬ್ಬ ಯುವಕ ತಾನೇ ಹೋಗಿ ಗೇಟಿನ ಚಕ್ರ ಹಿಡಿದ. ಅವಳು ಅವನ ಕೈಯ ಮೇಲೆ ಕೈಯಿಟ್ಟು ತಡೆದಳು. ಕೆಳಗಿನ ಊರಿನಲ್ಲೂ ಬಾಣಂತಿಯರಿದ್ದಾರೆ, ಅವರು ಇದೇ ನೀರು ಕುಡಿಯುತ್ತಾರೆ ಎಂದಳು. ಮಂಡಳಿಯ ಅಪ್ಪಣೆಗೆ ಕಾಯದವಳು ಕೆಳಗಿನ ಊರಿನ ಮಾತಿಗೆ ಕಾದಳು. ಅವಳ ಬದುಕಿನಲ್ಲಿ ಅದಕ್ಕಿಂತ ಉದ್ದದ ಹೊತ್ತು ಇರಲಿಲ್ಲ. ಯುವಕ ಚಕ್ರ ಬಿಡಲಿಲ್ಲ, ತಿರುಗಿಸಲೂ ಇಲ್ಲ. ನಿಂತಲ್ಲೇ ಅಳುತ್ತಿದ್ದ.

ಕೊನೆಗೆ ಫೋನ್ ಬಂತು. ಇಬ್ಬರೂ ಸೇರಿ ಚಕ್ರ ತಿರುಗಿಸಿದರು. ಮಧ್ಯಾಹ್ನದ ಹೊತ್ತಿಗೆ ವಾರ್ಡಿನ ಕೊಳಚೆ ಇಳಿಯಿತು. ಕೂಸುಗಳೆಲ್ಲ ಬದುಕಿದವು.

ನೆರೆ ಇಳಿದ ಮೇಲೆ ಹಿರಿಯ ಅಧಿಕಾರಿ ಬಂದರು. ಅವಳಿಗೆ ಕೆಲಸ ಕಲಿಸಿದವರು ಅವರೇ. ಅವಳು ಕೆಲಸ ಕಳೆದುಕೊಳ್ಳುವುದು ಅವರಿಗೆ ಬೇಕಿರಲಿಲ್ಲ.

"ನೀರಿನ ಒತ್ತಡಕ್ಕೆ ಗೇಟು ತಾನಾಗಿ ತೆರೆದುಕೊಂಡಿತು ಎಂದು ಹೇಳಮ್ಮ," ಎಂದರು. "ಎಲ್ಲರೂ ನಂಬುತ್ತಾರೆ. ನೆರೆಗೆ ಯಾರೂ ನೋಟಿಸು ಕೊಡುವುದಿಲ್ಲ."

"ಹಾಗೆ ಹೇಳಿದರೆ ಇದಕ್ಕಿಂತ ಗಟ್ಟಿ ಗೇಟು ಹಾಕಿಸುತ್ತೀರಿ, ಸರ್. ಮುಂದಿನ ನೆರೆಯಲ್ಲಿ ಅದನ್ನು ಯಾರಿಂದಲೂ ತೆಗೆಯಲಾಗುವುದಿಲ್ಲ. ಗೇಟು ತಾನಾಗಿ ತೆರೆದುಕೊಳ್ಳಲಿಲ್ಲ. ನಾನು ತೆಗೆದೆ."

ಮಂಡಳಿಯ ವಿಚಾರಣೆಯಲ್ಲೂ ಅವಳು ಅದನ್ನೇ ಹೇಳಿದಳು. ಯಾರ ಅಪ್ಪಣೆ ಇತ್ತು ಎಂದು ಕೇಳಿದರು. ಯಾರದೂ ಇರಲಿಲ್ಲ, ನಾಳೆ ಹಾಗೆಯೇ ಆದರೆ ನಾಳೆಯೂ ತೆಗೆಯುತ್ತೇನೆ ಎಂದಳು. ಮೀನುಗಾರನೊಬ್ಬ ಎದ್ದು, ನಮ್ಮ ಮೀನು ಸತ್ತವು, ಅದಕ್ಕೇನು ಹೇಳುತ್ತೀರಿ ಎಂದು ಕೇಳಿದ. ಸಾಯುತ್ತವೆ ಎಂದು ತಿಳಿದೇ ತೆಗೆದೆ, ಆ ಹೊಣೆ ನನ್ನದು, ನೆರೆಯ ಮೇಲೆ ಹಾಕುವುದಿಲ್ಲ ಎಂದಳು. ಅವನು ಅವಳನ್ನು ಕ್ಷಮಿಸಲಿಲ್ಲ. ಆದರೆ ಅವಳು ಸುಳ್ಳು ಹೇಳಿದಳೆಂದು ಅವನೂ ಹೇಳಲಿಲ್ಲ. ಯಜಮಾನನನ್ನು ಕರೆಸಿದಾಗ ಅವನು, ತೆಗೆಯುವ ಮೊದಲೇ ನನಗೆ ಹೇಳಿ ತೆಗೆದರು, ನನಗೆ ತಿಳಿದದ್ದು ಇಷ್ಟೇ ಎಂದ.

ಮಂಡಳಿ ಅವಳನ್ನು ಘಟಕದಿಂದ ತೆಗೆದು, ನದಿಯೇ ಇಲ್ಲದ ದೂರದ ಊರಿನ ಕಚೇರಿಗೆ ಹಾಕಿತು. ಆದರೆ ಅವಳು ಹೇಳಿದ್ದನ್ನು ಕೇಳಿದ ಮೇಲೆ ಗೇಟು ಗಟ್ಟಿ ಮಾಡಿಸುವ ಮಾತು ಅಲ್ಲಿ ಏಳಲಿಲ್ಲ. ನಿಯಮವನ್ನೇ ತಿದ್ದಿದರು. ಜೀವಕ್ಕೆ ಅಪಾಯ ಬಂದಾಗ ಘಟಕದವರೇ ಗೇಟು ತೆಗೆಯಬಹುದು, ಆದರೆ ಕೆಳಗಿನ ಊರು ಒಪ್ಪಿದ ಮೇಲೆ, ಕಾರ್ಖಾನೆಗಳು ತಮ್ಮ ನೀರನ್ನು ಹಿಡಿದ ಮೇಲೆ ಎಂದಾಯಿತು.

ಊರು ಬಿಡುವ ದಿನ ನೀಲಾಂಬಿಕೆಗೆ ಅಳು ಬಂತು. ಬೀಳ್ಕೊಡಲು ಬಂದವರ ಎದುರಿಗೇ ಅತ್ತಳು. ತಲೆ ಮಾತ್ರ ತಗ್ಗಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, ಅವಳದು ದೊಡ್ಡ ಧೈರ್ಯ ಎಂದ.

"ಅವಳ ಕತೆ ಮುಗಿಯಿತು," ಎಂದರು ಗುರುಗಳು. "ನೀನು ಮೀರಿದ್ದು ಯಾವ ನಿಯಮ, ಹೇಳು."