ಕೆಂಡದ ಕೋಣೆಯ ಅಕ್ಕ

ಕೊಟ್ರನಿಗೆ ದೆವ್ವ ಅಂದರೆ ನಗು.

ತುಂಗಭದ್ರೆಯ ದಂಡೆಯ ಮಠಕ್ಕೆ ಶಿಷ್ಯನಾಗಿ ಬಂದವನು ಮಾಡಿದ ಮೊದಲ ಘನಕಾರ್ಯ ಅಂದರೆ ಹುಣಸೆಮರದ ದೆವ್ವವನ್ನು ಕೆಳಗಿಳಿಸಿದ್ದು. ಅದು ಕೊಂಬೆಗೆ ಸಿಕ್ಕಿಕೊಂಡ ಹರಕು ತಾಡಪತ್ರಿ. ಅಷ್ಟಕ್ಕೇ ಬಿಟ್ಟನೇ? ಅದನ್ನೇ ಹೊದ್ದುಕೊಂಡು ಹೋಗಿ ಅಡಿಗೆಯ ವೀರಯ್ಯನನ್ನು ಹೊಳೆಯತನಕ ಓಡಿಸಿದ.

ಗುರುಗಳಾದ ಅಜ್ಜಾರು ಬೈಯಲಿಲ್ಲ. ತಾಡಪತ್ರಿ ಮಡಚಿ ಕಟ್ಟಿಗೆ ಮೇಲೆ ಮುಚ್ಚು ಅಂದರು, ಅಷ್ಟೆ.

ಒಂದು ಮುಂಜಾನೆ ಹುಲಿಗೆವ್ವನ ಮನೆಗೆ ವಿಭೂತಿ ಕೊಟ್ಟುಬರಲು ಹೋದ ಕೊಟ್ರ ಓಡುತ್ತ ವಾಪಸ್ಸು ಬಂದ. ಮುಖದಲ್ಲಿ ನಗು ಇರಲಿಲ್ಲ.

ಹುಲಿಗೆವ್ವನ ಸಣ್ಣ ಮಗಳು ರೇಣವ್ವ ತವರಿನಲ್ಲಿ ಹಡೆದಿದ್ದಳು. ಬಾಣಂತಿಗೆ ಗಾಳಿ ಬಡಿಯಬಾರದಂತ ಕಿಟಕಿ ಮುಚ್ಚಿ ಒಳಗಿನಿಂದ ಮೊಳೆ ಹೊಡೆದಿದ್ದರು. ಹೊರಸಿನ ಕೆಳಗೆ ಇದ್ದಿಲ ಕೆಂಡದ ಅಗ್ಗಿಷ್ಟಿಕೆ. ರೇಣವ್ವನಿಗೆ ತಲೆ ಸಿಡಿಯುತ್ತಿತ್ತು. ಎದೆಯ ಮೇಲೆ ಯಾರೋ ಕೂತಂತಾಗುತ್ತಿತ್ತು. ಮೂಲೆಯಲ್ಲಿ ಅಕ್ಕ ನಿಂತಿದ್ದಾಳೆ ಅನ್ನುತ್ತಿದ್ದಳು.

ಆ ಅಕ್ಕ ಇದೇ ಕೋಣೆಯಲ್ಲಿ, ಇದೇ ಹೊರಸಿನ ಮೇಲೆ, ಬಾಣಂತನದಲ್ಲಿ ಸತ್ತವಳು.

ಸತ್ತವಳು ತಂಗಿಯನ್ನು ಕರೆದೊಯ್ಯಲು ಬಂದಿದ್ದಾಳೆ ಅಂತ ಹುಲಿಗೆವ್ವ ಬಾಗಿಲ ಸಂದಿಗೂ ಬಟ್ಟೆ ತುರುಕಿದಳು. ದೆವ್ವ ಬೆಂಕಿಗೆ ಅಂಜುತ್ತದೆ ಅಂತ ಕೆಂಡ ಹೆಚ್ಚು ಮಾಡಿದಳು.

ಕೆಂಡ ಹೆಚ್ಚಿದಷ್ಟೂ ಅಕ್ಕ ಹತ್ತಿರ ಬಂದಳು.

ಕೊಟ್ರ ಒಂದೇ ಉಸಿರಿನಲ್ಲಿ ಇದೆಲ್ಲ ಹೇಳಿದ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ವಿಷದ ಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ಇಲ್ಲದ್ದು ಕಾಣುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಶಾಲೆ ಬಿಡುವ ಮೊದಲು ಕೇಳಿದ ಪಾಠಗಳಲ್ಲಿ ಅವನ ತಲೆಯಲ್ಲಿ ಉಳಿದದ್ದು ಇದೊಂದೇ.

“ದೆವ್ವ ಗಿವ್ವ ಏನಿಲ್ಲಬೇ, ನಿನ್ನ ಕೆಂಡನ ಕೊಲ್ಲಾಕತ್ತೈತಿ ಅಂದೆ, ಅಜ್ಜಾರ.”

“ಅಕಿ ಏನಂದ್ಲು?”

ಕೊಟ್ರ ನೆಲ ನೋಡಿದ.

“ಹಂಗಾದ್ರ ದೊಡ್ಡಾಕಿನ್ನ ನಾನ ಕೊಂದ್ನೇನು ಅಂದ್ಲು. ನನ್ನ ಹೊರಗ ದಬ್ಬಿದ್ಲು.”

ಅಜ್ಜಾರು ಎದ್ದರು. ಚಪ್ಪಲಿ ಮೆಟ್ಟಲಿಲ್ಲ. ಆ ವಯಸ್ಸಿನಲ್ಲಿ ಅವರು ಹಾಗೆ ನಡೆಯಬಲ್ಲರು ಅಂತ ಕೊಟ್ರನಿಗೆ ಗೊತ್ತಿರಲಿಲ್ಲ.

ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಹುಲಿಗೆವ್ವ ಕೂತಿದ್ದಳು. ತೊಡೆಯ ಮೇಲೆ ಕುಡುಗೋಲು. ಹತ್ತಿರ ಬಂದವರಿಗೆ ಅದನ್ನು ಎತ್ತುತ್ತಿದ್ದಳು. ಅಕ್ಕಪಕ್ಕದವರು ಅಂಗಳದಲ್ಲೇ ನಿಂತಿದ್ದರು.

ಒಳಗಿನಿಂದ ಕೂಸಿನ ಅಳು ಕೇಳುತ್ತಿರಲಿಲ್ಲ.

ಅಜ್ಜಾರು ಅವಳೆದುರು ಕುಡುಗೋಲು ತಾಗುವಷ್ಟು ಹತ್ತಿರ ಹೋಗಿ ನೆಲದ ಮೇಲೆ ಕೂತರು.

“ದೊಡ್ಡಾಕಿ ಬಂದಾಳೇನವಾ?”

“ಬಂದಾಳ್ರಿ. ಸಣ್ಣಾಕಿನ್ನ ಬಿಡವಲ್ಲಳ್ರಿ.”

ಕೊಟ್ರ ಬಾಯಿ ತೆಗೆದ. ಅಜ್ಜಾರು ಹಿಂದೆ ನೋಡದೆ ಕೈ ಎತ್ತಿ ತಡೆದರು.

“ಆವತ್ತ ದೊಡ್ಡಾಕಿ ಕಡೀಕ ನಿನ್ನ ಏನ್ ಬೇಡಿದ್ಲು?”

ಹುಲಿಗೆವ್ವ ಕುಡುಗೋಲನ್ನು ನೆಲಕ್ಕೆ ಇಳಿಸಿದಳು.

“ಉಸುರು ಕಟ್ಟಾಕತ್ತೈತಿ ಯವ್ವಾ, ಕಿಡಕಿ ತಗಿ ಅಂದ್ಲು. ಗಾಳಿ ಬಡದೀತಂತ ತಗೀಲಿಲ್ರಿ.”

“ಅದನ್ನ ಕೇಳಾಕ ಬಂದಾಳ. ತಗಿ.”

ಹುಲಿಗೆವ್ವ ಅಜ್ಜಾರ ಮುಖವನ್ನೇ ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು ಬಾಗಿಲ ಅಗಳಿ ಸರಿಸಿದಳು.

ಒಲೆಯ ಬಾಯಿಯಂತೆ ಬಿಸಿ ಮುಖಕ್ಕೆ ಹೊಡೆಯಿತು. ಕೊಟ್ರ ಉಸಿರು ಹಿಡಿದು ಒಳಗೆ ನುಗ್ಗಿದ. ರೇಣವ್ವನ ಕತ್ತು ವಾಲಿತ್ತು. ಪಕ್ಕದಲ್ಲಿ ಕೂಸು ಬಟ್ಟೆಯ ಗಂಟಿನಂತೆ ಬಿದ್ದಿತ್ತು. ಅವನು ಕೂಸನ್ನು ಎತ್ತಿಕೊಂಡು ಹೊರಬಂದ. ನೆರೆಯವರು ಬಾಣಂತಿಯನ್ನು ಹೊರಸಿನ ಸಮೇತ ಹೊತ್ತು ತಂದರು. ಕೊಟ್ರ ಮತ್ತೆ ಹೋಗಿ ಅಗ್ಗಿಷ್ಟಿಕೆಯನ್ನು ಬರಿಗೈಯಲ್ಲಿ ಎಳೆದು ತಂದ. ಕೈ ಸುಟ್ಟಿದ್ದು ಆಮೇಲೆ ಗೊತ್ತಾಯಿತು.

ಅಂಗಳದಲ್ಲಿ ಅಜ್ಜಾರು ಕೂಸಿನ ಅಂಗಾಲು ತಿಕ್ಕಿದರು. ಬಿಡಲಿಲ್ಲ, ತಿಕ್ಕುತ್ತಲೇ ಇದ್ದರು. ಹೆಂಗಸರು ದೇವರ ಹೆಸರು ಹೇಳುವುದನ್ನೂ ಮರೆತು ನಿಂತರು.

ಕೂಸು ಸೀನಿತು. ಆಮೇಲೆ, ಊರೇ ತನ್ನದು ಅನ್ನುವಂತೆ ಅತ್ತಿತು.

ರೇಣವ್ವ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಅಕ್ಕ ಎಲ್ಲಿ ಅಂತ ಕೇಳಿದಳು. ಒಳಗಿನಿಂದ ಕಟಕಟ ಸದ್ದು ಬಂತು. ಖಾಲಿ ಕೋಣೆಯಲ್ಲಿ ಹುಲಿಗೆವ್ವ ಒಬ್ಬಳೇ ನಿಂತು, ಕುಡುಗೋಲಿನ ತುದಿಯಿಂದ ಕಿಟಕಿಯ ಮೊಳೆ ಕೀಳುತ್ತಿದ್ದಳು.

ಟಂಟಂ ಗಾಡಿ ಬಂತು. ಮೂವರನ್ನೂ ಆಸ್ಪತ್ರೆಗೆ ಕಳಿಸಿ ಗುರುಶಿಷ್ಯರು ಹೊಳೆಯ ದಾರಿ ಹಿಡಿದರು.

ಕೊಟ್ರ ಸುಟ್ಟ ಕೈಯನ್ನು ನೀರಲ್ಲಿ ಇಳಿಬಿಟ್ಟು ಕೂತ. ಸಿಟ್ಟು ಇಳಿದಿರಲಿಲ್ಲ.

“ದೆವ್ವ ಇಲ್ಲಂತ ನಿಮಗೂ ಗೊತ್ತಿತ್ತು, ಅಜ್ಜಾರ.”

“ಗೊತ್ತಿತ್ತು.”

“ಮತ್ಯಾಕ ಬಂದಾಳ ಅಂದ್ರಿ?”

ಅಜ್ಜಾರು ಅವನ ಕೈಯನ್ನು ಮೇಲೆತ್ತಿ ನೋಡಿದರು, ಮತ್ತೆ ನೀರಿಗೆ ಬಿಟ್ಟರು.

ಊರಿನಲ್ಲಿ ಇಂಥ ಕೋಣೆ ಇನ್ನೂ ಎಷ್ಟೋ ಇವೆ ಅಂದ ಕೊಟ್ರ. ಅಲ್ಲೆಲ್ಲ ದೆವ್ವದ ಕಥೆ ಹೇಳುತ್ತ ಕೂತರೆ ಹೆಣ ಬೀಳುತ್ತವೆ ಅಂದ. ನಾನಂತೂ ಇದ್ದದ್ದು ಇದ್ದ ಹಾಗೇ ಹೇಳುವವನು, ನೀವು ತಡೆದರೂ ಬಿಡುವವನಲ್ಲ ಅಂದ.

“ಇವತ್ತ ಹೋಗು. ಮನಿ ಮನಿಗೂ ಹೇಳು,” ಅಂದರು ಅಜ್ಜಾರು. “ಹುಲಿಗೆವ್ವನ ಮನಿಯಾಗ ಮಾತ್ರ, ನಾನ ಕೊಂದ್ನೇನಂತ ಅಕಿ ಇನ್ನೊಮ್ಮಿ ಕೇಳೂತನ ಸುಮ್ಮನಿರು.”